ಐದು ಜನರ ಮನೆಗೆ ಎರಡು ಸೀಟು

ಐದು ಜನ ಇರುವ ಮನೆಗೆ ಎರಡೇ ಸೀಟಿನ ಕಾರು ತಂದರೆ ಏನಾಗಬೇಕೋ ಅದೇ ಆಯಿತು. ಕಾರು ಪೂರ್ತಿ ಗೇಟಿನೊಳಗೆ ಬರುವ ಮೊದಲೇ ಮಾತು ಶುರುವಾಯಿತು.

ಕಾರು ತಾನಾಗಿ ಓಡಿಕೊಂಡು ಬರಲಿಲ್ಲ ಅನ್ನುವುದು ಬೇರೆ ಮಾತು. ಮೆಕ್ಯಾನಿಕ್‌ನ ಜೀಪು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಕಡುಹಸಿರು ಬಣ್ಣ, ಉದ್ದನೆಯ ಬಾನೆಟ್, ಎರಡು ದುಂಡು ದೀಪ, ತಲೆಯ ಮೇಲೆ ತಗಡಿನ ಬದಲು ಮಡಚುವ ಕ್ಯಾನ್ವಾಸ್. ಅದೂ ಎರಡು ಕಡೆ ಹರಿದಿತ್ತು. ಈ ಮನೆಯ ಮಗ ಹುಟ್ಟುವ ಎಷ್ಟೋ ವರ್ಷ ಮೊದಲೇ ಓಡಾಡಿ, ಹೆಸರು ಮಾಡಿ, ಮೂಲೆ ಸೇರಿದ್ದ ಸ್ಪೋರ್ಟ್ಸ್ ಕಾರು ಅದು.

ತಂದವರು ಮನೆಯ ಯಜಮಾನಿ. ಊರಿಗೆಲ್ಲ ಅವರು ‘ಮೇಡಂ’. ಜೀವಮಾನವೆಲ್ಲ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದವರು. ಅಂಚೆಯವನಿಂದ ಹಿಡಿದು ಹಲ್ಲಿನ ಡಾಕ್ಟರ್‌ವರೆಗೆ ಊರಿನ ಅರ್ಧ ಜನ ಸ್ಟಿಯರಿಂಗ್ ಹಿಡಿಯಲು ಕಲಿತದ್ದು ಅವರನ್ನು ಎಡಗಡೆ ಕೂರಿಸಿಕೊಂಡೇ. ಆ ಎಡಗಡೆ ಸೀಟಿನ ಮುಂದೆ ಮೇಡಂಗೆ ಅಂತಲೇ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು. ಕಲಿಯುವವರು ಗಾಬರಿಯಾದರೆ ಇವರು ಒತ್ತುತ್ತಿದ್ದರು. ಸಂಜೆಯಾದರೆ ಸ್ಕೂಲಿನ ಕಾರನ್ನು ಸ್ಕೂಲಿನಲ್ಲೇ ನಿಲ್ಲಿಸಿ ಬಸ್ಸು ಹತ್ತಿ ಮನೆಗೆ ಬರುತ್ತಿದ್ದರು. ಸ್ವಂತದ್ದು ಅಂತ ಒಂದು ಸೈಕಲ್ಲೂ ಇರಲಿಲ್ಲ. ಈ ವರ್ಷ ಮಾಲೀಕರಿಗೆ ವಯಸ್ಸಾಗಿ ಸ್ಕೂಲು ಮುಚ್ಚಿದಾಗ ಮೇಡಂಗೆ ಒಂದಿಷ್ಟು ಹಣ ಬರುವುದಿತ್ತು. ಅವರು ಹಣ ಬೇಡವೆಂದು ಸ್ಕೂಲಿನ ಹಿಂದಿನ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಈ ಕಾರನ್ನು ಕೇಳಿದರು.

“ಅಮ್ಮ, ಇದಕ್ಕೆ ಹಿಂದೆ ಸೀಟೇ ಇಲ್ಲ,” ಎಂದ ಮಗ. ಅವನು ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್. ಏನು ಕಂಡರೂ ಮೊದಲು ಅಳತೆ, ಆಮೇಲೆ ಬೆಲೆ.

“ಇಲ್ಲ.”

“ಮತ್ತೆ ನಾವೆಲ್ಲ ಎಲ್ಲಿ ಕೂರೋದು?”

“ಬಸ್ಸಲ್ಲಿ. ಇಷ್ಟು ದಿನ ಎಲ್ಲಿ ಕೂರ್ತಿದ್ದೆ?”

ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಜ್ಜಿ, ಅಂದರೆ ಮೇಡಂ ಅವರ ಅತ್ತೆ, ಕೈ ಎತ್ತಿದಳು. “ಎರಡನೇ ಸೀಟು ನಂದು. ವಯಸ್ಸಿನ ಲೆಕ್ಕದಲ್ಲಿ ನಂದೇ.”

“ಅಜ್ಜಿ, ಅದು ನೆಲಕ್ಕೆ ಅಂಟ್ಕೊಂಡ ಹಾಗಿದೆ. ನೀವು ಕೂತ್ರೆ ಎಬ್ಬಿಸೋಕೆ ಮೂರು ಜನ ಬೇಕು,” ಎಂದಳು ಸೊಸೆ.

“ಏಳೋ ಮಾತು ಆಮೇಲೆ. ಮೊದ್ಲು ಕೂರ್ತೀನಿ.”

ಮಗ ಕಾರನ್ನು ಒಂದು ಸುತ್ತು ಹಾಕಿ ಬಂದ. “ನಿಜ ಹೇಳಮ್ಮ. ಎರಡನೇ ಸೀಟು ಯಾರಿಗೆ?”

ಮೇಡಂ ಬಗ್ಗಿ ಟೈರಿನ ಗಾಳಿ ನೋಡಿದರು. ಟೈರಿನಲ್ಲಿ ಗಾಳಿಯೇ ಇರಲಿಲ್ಲ. ಆದರೂ ಬಹಳ ಹೊತ್ತು ನೋಡಿದರು.

ಮನೆಯ ಐದನೆಯವರು ಹೊರಗೆ ಬರಲಿಲ್ಲ. ಮೇಡಂ ಅವರ ಯಜಮಾನರು ಟೈಲರ್. ಪ್ಯಾಂಟು ಬಿಟ್ಟು ಬೇರೇನೂ ಹೊಲಿಯದ, ಅದನ್ನು ಮಾತ್ರ ಮೈಗೆ ಅಂಟಿದ ಹಾಗೆ ಹೊಲಿಯುವ ಮನುಷ್ಯ. ಅವರನ್ನು ಎಲ್ಲರೂ ‘ಮಾಸ್ಟರ್’ ಅನ್ನುತ್ತಾರೆ. ಮಾಸ್ಟರ್ ಕಿಟಕಿಯಿಂದ ಒಮ್ಮೆ ನೋಡಿದರು, ಕೊರಳಿನ ಟೇಪು ಸರಿಮಾಡಿಕೊಂಡರು, ಅಡುಗೆಮನೆಯ ಬಾಗಿಲಿಂದ ಹಿತ್ತಲಿಗೆ ಇಳಿದು ಹಿಂದಿನ ಓಣಿಯಲ್ಲಿ ಅಂಗಡಿಗೆ ಹೋದರು. ಮುಂದಿನ ಬಾಗಿಲಿಂದ ಹೋಗಿದ್ದರೆ ಕಾರನ್ನು ದಾಟಬೇಕಿತ್ತು.

ಅಂದು ರಾತ್ರಿಯ ಊಟಕ್ಕೆ ಅನ್ನ, ಬೀನ್ಸು, ಮೊಟ್ಟೆ. ಮಗ ಮೊಟ್ಟೆ ಸುಲಿಯುತ್ತಾ ಮಾತು ತೆಗೆದ.

“ಆ ಹಣದಲ್ಲಿ ಮಹಡಿ ಮೇಲೆ ಒಂದು ರೂಮು ಏಳ್ತಿತ್ತು.”

“ಗೊತ್ತು.”

“ನಾವಿಬ್ರೂ ಹಾಲಲ್ಲಿ ಪರದೆ ಕಟ್ಕೊಂಡು ಮಲಗ್ತಿದ್ದೀವಿ. ಅಜ್ಜಿ ಕೆಮ್ಮಿದ್ರೆ ನಮಗೆ ಎಚ್ಚರ, ನಾವು ಪಿಸುಗುಟ್ಟಿದ್ರೆ ಅಜ್ಜಿಗೆ ಎಚ್ಚರ.”

“ನೀವು ಪಿಸುಗುಟ್ಟೋದು ನಂಗೆ ಕೇಳ್ಸಲ್ಲಪ್ಪ. ಜಗಳ ಮಾಡಿದ್ರೆ ಮಾತ್ರ ಚೆನ್ನಾಗಿ ಕೇಳ್ಸುತ್ತೆ,” ಎಂದಳು ಅಜ್ಜಿ.

ಸೊಸೆ ಗಂಡನ ಕಾಲು ತುಳಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು; ದಿನವಿಡೀ ‘ಈಗ ಸ್ಪಷ್ಟವಾಗಿ ಕಾಣ್ತಿದೆಯಾ’ ಎಂದು ಕೇಳಿ ಕೇಳಿ, ಮನೆಯಲ್ಲಿ ಎಲ್ಲರಿಗಿಂತ ಮೊದಲು ಕಾಣುವುದು ಅವಳಿಗೇ. “ರೂಮಿನ ವಿಷ್ಯ ಇನ್ನೊಂದಿನ ಮಾತಾಡೋಣ. ಅತ್ತೆ ಯಾವತ್ತಾದ್ರೂ ತಮಗೆ ಅಂತ ಏನಾದ್ರೂ ಕೇಳಿದ್ದಾರಾ?”

“ಕೇಳಿದ್ದಿದ್ರೆ ಒಂದು ಒಳ್ಳೆ ಫ್ರಿಜ್ಜು ಕೊಡಿಸ್ತಿದ್ದೆ,” ಎಂದ ಮಗ.

ಮಾಸ್ಟರ್ ಎಲ್ಲರಿಗಿಂತ ಮೊದಲು ಉಂಡೆದ್ದರು. ತಟ್ಟೆ ತೊಳೆದಿಟ್ಟು ಪಕ್ಕದ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಹೊಲಿಗೆ ಮೆಷಿನ್ನಿನ ಸದ್ದು ಕೇಳಿತು. ಅಂಗಡಿಯಲ್ಲಿ ಮುಗಿಯದ ಕೆಲಸವನ್ನು ಅವರು ರಾತ್ರಿ ಹೊತ್ತು ಆ ಕೋಣೆಯಲ್ಲಿ ಕೂತು ಮುಗಿಸುತ್ತಿದ್ದರು. ಆ ಸದ್ದು ಇವತ್ತು ಎಂದಿಗಿಂತ ಜೋರಾಗಿತ್ತು.

ಮಾಸ್ಟರ್ ಮತ್ತು ಕಾರಿನ ನಡುವಿನ ವೈರ ಮನೆಮಂದಿಗೆಲ್ಲ ಗೊತ್ತಿದ್ದದ್ದೇ. ಮದುವೆಯಾದ ಹೊಸತರಲ್ಲಿ ಮೇಡಂ ಯಜಮಾನರಿಗೆ ಡ್ರೈವಿಂಗ್ ಕಲಿಸಲು ಹೊರಟಿದ್ದರು. ಮೂರನೆಯ ಪಾಠದ ದಿನ ಕಾರು ಸರಿಯಾಗಿ ಮಾಸ್ಟರ್ ಅಂಗಡಿಯ ಮುಂದೆಯೇ ಜಗ್ಗಿ ಆಫಾಯಿತು. ಹೊಲಿಯುತ್ತಿದ್ದವರೆಲ್ಲ ಎದ್ದು ಹೊರಗೆ ಬಂದು ಕೇಕೆ ಹಾಕಿ ನಕ್ಕರು. ಅವರ ಜೊತೆ ಮೇಡಂ ಕೂಡ ನಕ್ಕುಬಿಟ್ಟರು. ನಕ್ಕಿದ್ದು ಸಾಲದೆಂಬಂತೆ, “ಸೂಜಿಗೆ ದಾರ ಪೋಣಿಸಿದ ಹಾಗಲ್ಲ ಇದು!” ಎಂದು ಎಲ್ಲರಿಗೂ ಕೇಳುವಂತೆ ಅಂದರು. ಮಾಸ್ಟರ್ ಕಾರನ್ನು ನಡುರಸ್ತೆಯಲ್ಲೇ ಬಿಟ್ಟು, ಬಾಗಿಲನ್ನೂ ಮುಚ್ಚದೆ ನಡೆದುಕೊಂಡು ಮನೆಗೆ ಹೋದರು. ಅಂದಿನಿಂದ ಹೆಂಡತಿ ಇರುವ ಕಾರಿನಲ್ಲಿ ಅವರು ಕೂತಿಲ್ಲ. ಆ ದಿನದ ಬಗ್ಗೆ ಇಬ್ಬರೂ ಒಂದು ಮಾತು ಆಡಿಲ್ಲ. ಸಂಸಾರ ಚೆನ್ನಾಗಿಯೇ ನಡೆಯಿತು, ಮಗ ದೊಡ್ಡವನಾದ, ಮನೆ ಕಟ್ಟಿದರು. ಆದರೆ ಮದುವೆಗೋ ಆಸ್ಪತ್ರೆಗೋ ಹೋಗಲು ಮೇಡಂ ಹತ್ತಿರ ಕಲಿತವರು ಯಾರಾದರೂ ಕಾರು ತಂದರೆ ಮಾಸ್ಟರ್ ಮಾತ್ರ ಬಸ್ಸಿಗೆ.

ಎರಡು ವಾರ ಮೆಕ್ಯಾನಿಕ್ ಸಂಜೆ ಸಂಜೆ ಬಂದು ಕಾರಿನ ಕೆಳಗೆ ಮಲಗಿದ. ಮೇಡಂ ಟಾರ್ಚು ಹಿಡಿದರು, ಚಹಾ ಕೊಟ್ಟರು, ಸ್ಪ್ಯಾನರ್ ತೊಳೆದರು. ಸೀಟಿನ ತೊಗಲಿಗೆ ಎಣ್ಣೆ ಉಜ್ಜಿದರು. ಮರದ ಸ್ಟಿಯರಿಂಗನ್ನು ಅಜ್ಜಿ ತೊಡೆಯ ಮೇಲಿಟ್ಟುಕೊಂಡು ಒರೆಸಿಕೊಟ್ಟಳು. ಎರಡನೇ ಸೀಟಿಗೆ ಅದು ಮುಂಗಡ ಎಂದು ಅವಳ ಎಣಿಕೆ. ಒಂದು ಶನಿವಾರ ಚೋಕ್ ಎಳೆದು ಕೀ ತಿರುಗಿಸಿದಾಗ ಇಂಜಿನ್ನು ಕೆಮ್ಮಿತು, ಹೊಗೆ ಬಿಟ್ಟಿತು, ಆಮೇಲೆ ಗಂಟಲು ಸರಿಮಾಡಿಕೊಂಡು ಒಂದೇ ಸಮ ಗುನುಗತೊಡಗಿತು. ಮೇಡಂ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು.

“ನಂದು!” ಎಂದರು. “ಇದು ನಂದು!”

ಮರುದಿನ ಬೆಳಿಗ್ಗೆ ಮೊದಲ ಸಲ ಹೊರಗೆ ತೆಗೆಯುವುದೆಂದಾಯಿತು. ಬೀದಿಯವರು ನೋಡಲು ನಿಂತರು. ಅವರಲ್ಲಿ ಮೇಡಂ ಕೈಯಲ್ಲಿ ಕಲಿತವರೇ ಹೆಚ್ಚು. ಮೇಡಂ ಬಲಗಡೆ ಕೂತು, ಕನ್ನಡಿ ಸರಿಮಾಡಿ, ರಾಣಿಯ ಗತ್ತಿನಲ್ಲಿ ಗೇಟಿನತ್ತ ಹೊರಟರು. ಗೇಟಿನ ಬಲಗಡೆ ಕಂಬಕ್ಕೆ ಕಾರು ಕರ್‍ರ್ ಎಂದು ಉಜ್ಜಿಕೊಂಡು ಹೋಗಿ ನಿಂತಿತು.

ಯಾರಿಗೂ ಏನೂ ತಿಳಿಯಲಿಲ್ಲ. ಮೊದಲು ತಿಳಿದದ್ದು ಮೇಡಂಗೇ. ಜೀವಮಾನವೆಲ್ಲ ಎಡಗಡೆ ಕೂತವರು ಅವರು. ಅವರು ಕೂತ ಕಡೆಯೇ ರಸ್ತೆಯ ಅಂಚು. ಅಂಚನ್ನು ಸವರಿದ ಹಾಗೆ ಗಾಡಿ ಹೋದರೆ ಸರಿಯಾಗಿ ಹೋಗುತ್ತಿದೆ ಎಂದು ಅವರ ಮೈಗೆ ಗೊತ್ತು. ಈಗ ಬಲಗಡೆ ಕೂತರೂ ಮೈ ಹಳೆಯ ಪಾಠವನ್ನೇ ಒಪ್ಪಿಸಿತು. ಗಾಡಿಯನ್ನು ತಮ್ಮ ಪಕ್ಕಕ್ಕೇ ಎಳೆದುಕೊಂಡರು, ಅಲ್ಲಿ ಕಂಬವಿತ್ತು.

“ಮೇಡಂ, ಕನ್ನಡಿ ನೋಡ್ಬೇಕು ಅಂತ ನೀವೇ ಹೇಳ್ತಿದ್ರಿ!” ಎಂದು ಆಚೆಮನೆಯ ಅಂಚೆಯವನು ಕೂಗಿದ. ಎಲ್ಲರೂ ನಕ್ಕರು. ಅದರಲ್ಲಿ ಕೆಡುಕೇನೂ ಇರಲಿಲ್ಲ.

ಮೇಡಂ ನಗಲಿಲ್ಲ. ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿ, ಟಾರ್ಪಾಲು ಹೊದಿಸಿ, ಒಳಗೆ ಹೋಗಿ ಪಾತ್ರೆ ತಿಕ್ಕಲು ಕೂತರು. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದರು. ಮಾಸ್ಟರ್ ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ನಕ್ಕಿರಲಿಲ್ಲ.

ಅದಾದ ಮೇಲೆ ವಾರ ಕಳೆದರೂ ಟಾರ್ಪಾಲು ಕದಲಲಿಲ್ಲ. ಮೇಡಂ ಮನೆಯ ಕೆಲಸಕ್ಕೆ ಬಿದ್ದರು. ಸೊಸೆಗೆ ಡಬ್ಬಿ ಕಟ್ಟುವುದು, ಅಜ್ಜಿಯ ತಲೆ ಬಾಚುವುದು, ಪರದೆ ಒಗೆಯುವುದು.

“ಕಾರು ಯಾವಾಗ ತೆಗೀತೀಯೇ?” ಎಂದು ಅಜ್ಜಿ ದಿನಕ್ಕೊಮ್ಮೆ ಕೇಳುತ್ತಿದ್ದಳು.

“ನೋಡೋಣ ಅತ್ತೆ.”

“ನಂಗೆ ಜಾಸ್ತಿ ಟೈಮಿಲ್ಲ ಕಣೇ.”

ಮಗ ಒಂದು ಸಂಜೆ ಚಹಾ ಕುಡಿಯುತ್ತಾ ಮೆಲ್ಲಗೆ ಹೇಳಿದ. “ಅಮ್ಮ, ಒಬ್ರು ಬೇಕರಿಯವರು ಬಂದಿದ್ರು ಅಂಗಡಿಗೆ. ಹಳೇ ಕಾರು ಅಂದ್ರೆ ಪ್ರಾಣ ಬಿಡ್ತಾರೆ. ಒಳ್ಳೇ ಬೆಲೆ ಕೊಡ್ತಾರಂತೆ. ನೀನಂತೂ ಓಡಿಸ್ತಿಲ್ಲ.”

ಸೊಸೆ ಏನೋ ಹೇಳಹೊರಟಳು. ಮೇಡಂ ಅವಳನ್ನು ತಡೆದರು. “ಭಾನುವಾರ ಬರೋಕೆ ಹೇಳು. ಮಹಡಿ ಮೇಲೆ ರೂಮು ಹಾಕ್ಸೋಣ. ನೀವು ಎಷ್ಟು ದಿನ ಅಂತ ಪರದೆ ಹಿಂದೆ ಇರ್ತೀರ?”

ಅಮ್ಮ ಇಷ್ಟು ಸುಲಭವಾಗಿ ಒಪ್ಪುತ್ತಾಳೆಂದು ಮಗ ಎಣಿಸಿರಲಿಲ್ಲ. ಗೆದ್ದವನ ಮುಖ ಬಾಡಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಭಾನುವಾರ ಬೇಕರಿಯವನು ಒಂದು ಡಬ್ಬಿ ಬಿಸ್ಕತ್ತು ಹಿಡಿದು ಬಂದ. ದುಂಡಗಿನ, ಖುಷಿಯ ಮನುಷ್ಯ. ಟಾರ್ಪಾಲು ತೆಗೆದ ಕೂಡಲೇ “ಅಯ್ಯೋ, ಏನು ಚೆಂದ ಇದೆ!” ಎಂದು ಕೆನ್ನೆಗೆ ಕೈ ಇಟ್ಟುಕೊಂಡ. ಒಂದು ಸುತ್ತು ಓಡಿಸಿ ನೋಡಬಹುದೇ ಎಂದು ಕೇಳಿದ. ಮೇಡಂ ಕೀ ಕೊಟ್ಟು, ಯೋಚನೆಯನ್ನೇ ಮಾಡದೆ ಎಡಗಡೆ ಬಾಗಿಲು ತೆಗೆದು ಕೂತರು.

ಅವನಿಗೆ ಬಿಸ್ಕತ್ತು ಮಾಡಲು ಬಂದಷ್ಟು ಗೇರು ಹಾಕಲು ಬರುತ್ತಿರಲಿಲ್ಲ. ಮೂಲೆ ತಿರುಗುವಾಗ ಜಗ್ಗಿತು, ದಿಬ್ಬದಲ್ಲಿ ನಿಂತೇಬಿಟ್ಟಿತು. ಮೇಡಂ ಎಡಗಾಲು ಬಲಗಾಲು ಎರಡೂ ನೆಲವನ್ನು ಒತ್ತಿದವು. ಅಲ್ಲಿ ಬ್ರೇಕೂ ಇರಲಿಲ್ಲ, ಕ್ಲಚ್ಚೂ ಇರಲಿಲ್ಲ. ಹಿಂದೆ ಒಂದು ವ್ಯಾನು ಹಾರ್ನ್ ಹೊಡೆಯಿತು. ಬೇಕರಿಯವನು ಬೆವೆತುಹೋದ.

“ಗಾಬರಿ ಆಗ್ಬೇಡಿ,” ಎಂದರು ಮೇಡಂ. “ಕಲಿಯೋವಾಗ ನಿಲ್ಲುತ್ತೆ. ಮತ್ತೆ ಸ್ಟಾರ್ಟ್ ಮಾಡಿ. ಹಾರ್ನ್ ಹೊಡೆಯೋರು ಹೊಡೀಲಿ, ಅವರಿಗೂ ಯಾರೋ ಕಲಿಸಿರ್ತಾರೆ.”

ಅವರು ಊರಿಗೆಲ್ಲ ಹೇಳುತ್ತ ಬಂದ ಮಾತು ಅದು. ಬೇಕರಿಯವನ ಭುಜ ಕೆಳಗಿಳಿಯಿತು. ಮತ್ತೆ ಸ್ಟಾರ್ಟ್ ಮಾಡಿ ದಿಬ್ಬ ಹತ್ತಿಸಿದ.

ವಾಪಸು ಬಂದಾಗ ಅವನು ಹಾಲಿನಲ್ಲಿ ಕೂತು ಎಲ್ಲರೆದುರು ಹೊಗಳಿದ್ದೇ ಹೊಗಳಿದ್ದು. ಅಂದು ಅಂಗಡಿಗೆ ರಜೆಯಾದ್ದರಿಂದ ಮಾಸ್ಟರ್ ಮನೆಯಲ್ಲೇ ಇದ್ದರು. “ನೋಡಿ ಸಾರ್, ನಡುರಸ್ತೇಲಿ ನಿಂತ್ಹೋಯ್ತು. ಬೇರೆಯವ್ರಾಗಿದ್ರೆ ನಕ್ಕಿರೋರು. ನಿಮ್ಮ ಮನೆಯವ್ರು ಏನಂದ್ರು ಗೊತ್ತಾ? ಕಲಿಯೋವಾಗ ನಿಲ್ಲುತ್ತೆ, ಮತ್ತೆ ಸ್ಟಾರ್ಟ್ ಮಾಡಿ ಅಂದ್ರು. ನೀವು ಪುಣ್ಯ ಮಾಡಿದ್ದೀರಿ ಸಾರ್.”

“ಹೌದಾ,” ಎಂದರು ಮಾಸ್ಟರ್.

ನಾಳೆ ಹಣ ತರುತ್ತೇನೆಂದು ಹೇಳಿ ಬೇಕರಿಯವನು ಹೋದ. ಮಗ ಅವನನ್ನು ಬಸ್‌ಸ್ಟಾಪಿನವರೆಗೆ ಬಿಡಲು ಹೋದ. ಸೊಸೆ ಎಲ್ಲರ ಮುಖವನ್ನೊಮ್ಮೆ ನೋಡಿ, “ಬನ್ನಿ ಅಜ್ಜಿ, ಬಿಸಿಲಿಗೆ ಕೂರಿಸ್ತೀನಿ,” ಎಂದು ಅಜ್ಜಿಯನ್ನು ಎಬ್ಬಿಸಿದಳು.

“ನಂಗೆ ಇಲ್ಲೇ ಚೆನ್ನಾಗಿದೆ.”

“ಬನ್ನಿ ಅಜ್ಜಿ.”

ಅಡುಗೆಮನೆಯಲ್ಲಿ ಮೇಡಂ ಆಲೂಗಡ್ಡೆ ಸುಲಿಯುತ್ತಿದ್ದರು. ಮಾಸ್ಟರ್ ಬಂದು ಎದುರಿಗೆ ಕೂತು ಇನ್ನೊಂದು ಚಾಕು ತೆಗೆದುಕೊಂಡರು. ಎರಡು ಆಲೂಗಡ್ಡೆ ಸುಲಿದಿಟ್ಟರು.

“ದಾರಿಲಿ ಹೋಗೋ ಬೇಕರಿಯವನಿಗೂ ಆ ಮಾತು ಹೇಳ್ದೆ ನೀನು,” ಎಂದರು ಮಾಸ್ಟರ್. “ನನ್ನೊಬ್ಬನಿಗೆ ಹೇಳಲಿಲ್ಲ.”

ಮೇಡಂ ಕೈ ನಿಂತಿತು. ಯಾವ ದಿನದ ಮಾತೆಂದು ಕೇಳಬೇಕಾಗಿರಲಿಲ್ಲ.

“ನಕ್ಕುಬಿಟ್ಟೆ,” ಎಂದರು.

“ಹೌದು. ನಕ್ಕೆ. ನನ್ನ ಕೈಕೆಳಗೆ ಕೆಲಸ ಮಾಡೋರ ಎದುರಿಗೆ.”

“ತಪ್ಪಾಯ್ತು ರೀ.”

“ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಿತ್ತಾ?”

“ನೀವು ಕೇಳೋಕೆ ಇಷ್ಟು ವರ್ಷ ತಗೊಂಡ್ರಲ್ಲ. ಮೊನ್ನೆ ಕಂಬಕ್ಕೆ ಉಜ್ಜಿದಾಗ ಬೀದಿಯೆಲ್ಲ ನಕ್ತು. ಆಗ ಗೊತ್ತಾಯ್ತು ನಂಗೆ, ನಿಮಗೆ ಹೇಗಾಗಿತ್ತು ಅಂತ. ಒಳಗೆ ಬಂದು ನಿಮ್ಮ ಹತ್ರ ಹೇಳ್ಬೇಕು ಅಂದ್ಕೊಂಡೆ. ಬಾಯಿ ಬರಲಿಲ್ಲ.”

ಮಾಸ್ಟರ್ ಆಲೂಗಡ್ಡೆಯನ್ನು ನೀರಿಗೆ ಹಾಕಿದರು. “ಎರಡನೇ ಸೀಟು ಯಾರಿಗೆ ಅಂತ ತಗೊಂಡೆ?”

“ಇನ್ಯಾರಿಗೆ? ಸ್ಕೂಲಿನ ಕಾರಲ್ಲಿ ನೀವು ಕೂರಲ್ಲ. ನಂದು ಅಂತ ಒಂದಿದ್ರೆ ಕೂರ್ತೀರೇನೋ ಅಂತ ತಗೊಂಡೆ. ಹಿಂದೆ ಸೀಟಿದ್ರೆ ನೀವು ಮೂಗು ಮುರ್ಕೊಂಡು ಹಿಂದೆ ಹೋಗಿ ಕೂರೋ ಪೈಕಿ. ಅದಕ್ಕೇ ಹಿಂದೆ ಸೀಟಿಲ್ಲದ್ದೇ ತಗೊಂಡೆ.”

ಮಾಸ್ಟರ್ ಮುಖದಲ್ಲಿ ನಗು ಬಂತು. ಅದನ್ನು ಅಡಗಿಸಲು ಅವರು ಬಗ್ಗಿ ಸಿಪ್ಪೆ ಎತ್ತಿದರು. “ಆ ಕ್ಯಾನ್ವಾಸು ಹರಿದಿರೋದು ಎಷ್ಟು ದಿನದಿಂದ ನನ್ನ ಕಣ್ಣು ಚುಚ್ತಿದೆ ಗೊತ್ತಾ? ಹೋಗಿ ಆ ಬೇಕರಿಯವನಿಗೆ ಬರಬೇಡ ಅಂತ ಹೇಳು.”

ಮಗ ಬಂದು ವಿಷಯ ಕೇಳಿ ಕೂಗಾಡಿದ. “ಮಾತು ಕೊಟ್ಟಾಗಿದೆ! ನನ್ನ ಮರ್ಯಾದೆ ಏನಾಗ್ಬೇಕು? ಮತ್ತೆ ರೂಮು?”

“ಪಕ್ಕದ ಕೋಣೆ ತಗೋ,” ಎಂದರು ಮಾಸ್ಟರ್. “ನನ್ನ ಮೆಷಿನ್ನನ್ನ ಮನೆ ಮುಂದೆ ಕಾರಿನ ಪಕ್ಕ ಹಾಕ್ತೀನಿ. ಬೆಳಕೂ ಚೆನ್ನಾಗಿರುತ್ತೆ.”

“ಕಾರಿನ ಪಕ್ಕ? ನೀವಾ?”

“ನಾನೇ. ಯಾಕೆ, ಕಾರು ಕಚ್ಚುತ್ತಾ?”

ಸೊಸೆ ಆಗಲೇ ಪರದೆ ಬಿಚ್ಚತೊಡಗಿದ್ದಳು.

ಆ ವಾರ ಮನೆಯಲ್ಲಿ ಸಾಮಾನು ಸಾಗಿಸಿದ್ದೇ ಕೆಲಸ. ಮೆಷಿನ್ನು ಹೊರಗೆ ಬಂತು, ಮಂಚ ಒಳಗೆ ಹೋಯಿತು. ಮಾಸ್ಟರ್ ದಪ್ಪ ಸೂಜಿ ಹಾಕಿ ಕ್ಯಾನ್ವಾಸ್ ಹೊಲಿದರು. ಎಲ್ಲಿ ಹರಿದಿತ್ತೆಂದು ಹುಡುಕಬೇಕು, ಹಾಗೆ. ಅಜ್ಜಿಯನ್ನು ಮೂರು ಜನ ಹಿಡಿದು, ನಿಂತಿದ್ದ ಕಾರಿನಲ್ಲೇ ಕೂರಿಸಿ ಎಬ್ಬಿಸಿದರು. “ಇಷ್ಟೇನಾ?” ಎಂದಳು ಅವಳು. ಆಮೇಲೆ ಎರಡನೇ ಸೀಟಿನ ಮಾತೆತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಮೇಡಂ ಅಟ್ಟ ಹತ್ತಿ ಸ್ಕೂಲಿನಿಂದ ತಂದಿಟ್ಟಿದ್ದ ಒಂದು ಹಲಗೆಯನ್ನು ಇಳಿಸಿದರು. ಬಿಳಿ ಹಲಗೆ, ಅದರ ಮೇಲೆ ಕೆಂಪು ಎಲ್ ಅಕ್ಷರ. ಹೊಸದಾಗಿ ಕಲಿಯುವವರ ಕಾರಿಗೆ ಕಟ್ಟುವ ಬೋರ್ಡು. ಅದನ್ನು ಒರೆಸಿ ಸ್ಪೋರ್ಟ್ಸ್ ಕಾರಿನ ಮೂತಿಗೆ ತಂತಿಯಿಂದ ಬಿಗಿದರು.

“ಅಮ್ಮ, ಊರೆಲ್ಲ ನಗುತ್ತೆ!” ಎಂದ ಮಗ.

“ನಗಲಿ. ಬಲಗಡೆ ಕೂರೋದು ನಾನಿನ್ನೂ ಕಲೀತಿದ್ದೀನಿ.”

ಮಾಸ್ಟರ್ ಇಸ್ತ್ರಿ ಪ್ಯಾಂಟು ಹಾಕಿಕೊಂಡು ಮುಂದಿನ ಬಾಗಿಲಿಂದ ಇಳಿದು ಬಂದರು. ಎಡಗಡೆ ಸೀಟಿಗೆ ಇಳಿಯಲು ಮೊಣಕಾಲನ್ನು ಗಲ್ಲದವರೆಗೆ ಮಡಚಬೇಕಾಯಿತು. ಕೂತ ಮೇಲೆ ಜೇಬಿನಿಂದ ಹೊಲಿಗೆಯ ಸೀಮೆಸುಣ್ಣ ತೆಗೆದರು.

“ಹೊಸಬರಿಗೆ ನೀನು ಗಾಜಿನ ಮೇಲೆ ಚುಕ್ಕೆ ಇಟ್ಟು ಕೊಡ್ತಿದ್ದೆ. ಚುಕ್ಕೆ ರಸ್ತೆ ಮಧ್ಯಕ್ಕೆ ಬಂದ್ರೆ ಗಾಡಿ ಸರಿ ಇದೆ ಅಂತ. ನಂಗೂ ಇಟ್ಟಿದ್ದೆ. ಎಲ್ಲಿಡ್ಲಿ, ಹೇಳು.”

ಅಷ್ಟು ವರ್ಷ ಹಿಂದೆ ಮೂರೇ ಪಾಠದಲ್ಲಿ ಕಂಡದ್ದನ್ನು ಮಾಸ್ಟರ್ ಮರೆತಿರಲಿಲ್ಲ. ಮೇಡಂ ಗಾಜಿನತ್ತ ಬೆರಳು ತೋರಿದರು. “ಸ್ವಲ್ಪ ಎಡಕ್ಕೆ. ಹಾಂ, ಅಲ್ಲೇ.”

ಚುಕ್ಕೆಯನ್ನು ನೋಡಿಕೊಂಡು ಹೋದ ಕಾರು ಎರಡು ಕಂಬಗಳಿಗೂ ಸಮ ಜಾಗ ಬಿಟ್ಟು ಗೇಟು ದಾಟಿತು. ಹಿಂದಿನಿಂದ ಅಜ್ಜಿ ಚಪ್ಪಾಳೆ ತಟ್ಟಿದ್ದು ಕೇಳಿತು. ಬೀದಿಯ ತುದಿಯವರೆಗೆ ಮಾಸ್ಟರ್ ಎರಡೂ ಪಾದಗಳಿಂದ ನೆಲ ಒತ್ತುತ್ತಲೇ ಇದ್ದರು. ಮೇಡಂ ನೋಡಿಯೂ ನೋಡದವರ ಹಾಗೆ ಕಣ್ಣನ್ನು ಚುಕ್ಕೆಯ ಮೇಲಿಟ್ಟರು.

“ಎಲ್ಲಿಗೆ?” ಎಂದು ಕೇಳಿದರು.

“ಅಂಗಡಿ ಕಡೆಗೆ ಹೋಗು. ಹುಡುಗರು ಇವತ್ತು ಕೆಲಸಕ್ಕೆ ಬಂದಿದ್ದಾರೆ, ಅರ್ಜೆಂಟ್ ಆರ್ಡರ್ ಇದೆ.”

ಅಂಗಡಿಯ ರಸ್ತೆಯಲ್ಲಿ ತರಕಾರಿ ಗಾಡಿಗೆ ದಾರಿ ಬಿಡಬೇಕಾಯಿತು. ಮೇಡಂ ನಿಧಾನಿಸಿದರು, ಮತ್ತೆ ಹೊರಡುವಾಗ ಕ್ಲಚ್ಚನ್ನು ಒಂದು ಚೂರು ಬೇಗ ಬಿಟ್ಟರು. ಕಾರು ಜಗ್ಗಿ ಆಫಾಯಿತು. ಹತ್ತು ಮಾರು ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ, ಅಂಗಡಿಯ ಬಾಗಿಲ ಎದುರಿಗೇ.

ಮೆಷಿನ್ನುಗಳ ಸದ್ದು ನಿಂತಿತು. ಹೊಲಿಯುವವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಉದ್ದ ಮೂತಿಯ ಹಸಿರು ಕಾರು, ಅದರ ಮೇಲೆ ಎಲ್ ಬೋರ್ಡು, ಒಳಗೆ ಊರಿಗೆಲ್ಲ ಡ್ರೈವಿಂಗ್ ಕಲಿಸಿದ ಮೇಡಂ. ಒಬ್ಬ ಫಕ್ಕನೆ ನಕ್ಕ. ಉಳಿದವರೂ ಶುರುಮಾಡಿದರು.

ಮೇಡಂಗೆ ಕಿವಿಯವರೆಗೆ ಬಿಸಿಯಾಯಿತು. ಪಕ್ಕದಲ್ಲಿ ಬಾಗಿಲಿನ ಹಿಡಿ ತಿರುಗಿದ ಸದ್ದು ಕೇಳಿತು. ಮಾಸ್ಟರ್ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟು ಅರ್ಧ ಎದ್ದು ನಿಂತರು.

“ಏನ್ರಪ್ಪಾ ನಗ್ತೀರ?” ಎಂದರು ತಮ್ಮ ಹುಡುಗರಿಗೆ. “ಕಲೀತಿದ್ದಾಳೆ. ಕಲಿಯೋವಾಗ ನಿಲ್ಲುತ್ತೆ.”

ನಗು ಅಲ್ಲಿಗೇ ನಿಂತಿತು. ಮಾಸ್ಟರ್ ಮತ್ತೆ ಒಳಗೆ ಕೂತು, ಬಾಗಿಲನ್ನು ಗಟ್ಟಿಯಾಗಿ ಎಳೆದುಕೊಂಡರು. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು.

“ಮತ್ತೆ ಸ್ಟಾರ್ಟ್ ಮಾಡು,” ಎಂದರು.

ಮೇಡಂ ಕಣ್ಣು ತುಂಬಿ ಕೀ ಕಾಣಲಿಲ್ಲ. ತಡವಿ ಹಿಡಿದು ತಿರುಗಿಸಿದರು. ಕಾರು ಹೊರಟಿತು.